ಟಿವಿ ಅಂಗಡಿಗೆ ಹೋಗುವಾಗ ಮನೆಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ

ಸಂಪಾದಕರೇ, ನಮಸ್ಕಾರ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅವತ್ತಿನಿಂದ ಪೇಪರ್ ಬಿಡಿಸಿದರೆ ಸುದ್ದಿಗಿಂತ ಮುಂಚೆ ಟಿವಿಗಳೇ ಸಿಗುತ್ತಿವೆ. 43 ಇಂಚು, 55 ಇಂಚು, 4ಕೆ, ಡಾಲ್ಬಿ, ಹಳೇದು ಕೊಟ್ಟು ಹೊಸದು ಒಯ್ಯಿರಿ, ಬಡ್ಡಿ ಇಲ್ಲದ ಕಂತು. ನಾನೂ ಅದನ್ನೇ ನೋಡಿ ಆಯುಧಪೂಜೆ ಹಿಂದಿನ ದಿನ ಹೋಗಿ 55 ಇಂಚಿನದು ತಂದವನು. ಹಾಗಾಗಿ ಈ ಪತ್ರದಲ್ಲಿ ಸ್ವಲ್ಪ ಹೊಟ್ಟೆಯುರಿ ಕಂಡರೆ ಬೇಸರ ಮಾಡಿಕೊಳ್ಳಬೇಡಿ.

ಇಷ್ಟೆಲ್ಲ ಜಾಹೀರಾತಿನಲ್ಲಿ ಒಂದು ವಿಷಯ ಮಾತ್ರ ಇರುವುದೇ ಇಲ್ಲ. ಟಿವಿ ಬರುವ ರಟ್ಟಿನ ಡಬ್ಬದ ಮೇಲೂ ಕಾಣಲಿಲ್ಲ. ಅಂಗಡಿ ಹುಡುಗರನ್ನು ಕೇಳಿದರೆ ಮುಖ ಮುಖ ನೋಡುತ್ತಾರೆ. ಅದರ ಹೆಸರು ಎಚ್‌ಡಿಸಿಪಿ. ಸಿನಿಮಾ, ಮ್ಯಾಚು ಯಾರೂ ಕಾಪಿ ಹೊಡೆಯಬಾರದು ಅಂತ ಎಚ್‌ಡಿಎಂಐ ವಯರಿನ (ಬಾಕ್ಸಿನಿಂದ ಟಿವಿಗೆ ಚಿತ್ರ, ಸೌಂಡ್ ಎರಡನ್ನೂ ಒಯ್ಯುವ ವಯರು) ಎರಡೂ ತುದಿಯ ಯಂತ್ರಗಳಲ್ಲಿ ಕೂರಿಸಿರುವ ಬೀಗ ಅದು. ಬೀಗ ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಬೀಗ ಇದೆ ಅಂತ ಹೇಳದೆ ಮಾರುತ್ತಾರಲ್ಲ, ಅದಕ್ಕೆ ಈ ಪತ್ರ.

ಈ ಬೀಗದ ಪರಿಚಯ ನನಗೆ ಮೊದಲು ಆಗಿದ್ದು ಟಿವಿ ತರುವುದಕ್ಕೂ ನಾಲ್ಕು ತಿಂಗಳು ಮುಂಚೆ, ಜೂನ್ 3ರ ರಾತ್ರಿ. ಆರ್‌ಸಿಬಿ ಫೈನಲ್. ನಮ್ಮ ಬೀದಿ ಹುಡುಗರು ಟ್ಯೂಷನ್ ಮೇಷ್ಟ್ರ ಹತ್ತಿರ ಕಾಡಿ ಬೇಡಿ ಹಳೇ ಪ್ರೊಜೆಕ್ಟರ್ ತಂದು, ನಮ್ಮ ಕಾಂಪೌಂಡ್ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿದ್ದರು. ಆ ಪ್ರೊಜೆಕ್ಟರಿಗೆ ಎಚ್‌ಡಿಎಂಐ ತೂತೇ ಇಲ್ಲ, ಹಳೇ ಕಂಪ್ಯೂಟರಿನ ನೀಲಿ ವಿಜಿಎ ಪಿನ್ನು. ಅದಕ್ಕೊಂದು ಕನ್ವರ್ಟರ್ ತಂದು ಸೆಟ್‌ಟಾಪ್ ಬಾಕ್ಸ್ ಚುಚ್ಚಿದರು. ಮೆನು ಬಂತು. ಶಿಳ್ಳೆಯೋ ಶಿಳ್ಳೆ. ಸ್ಪೋರ್ಟ್ಸ್ ಎಚ್‌ಡಿ ಚಾನಲ್ ಹಾಕಿದ ತಕ್ಷಣ ಬೆಡ್‌ಶೀಟು ಕಪ್ಪಾಯಿತು, ನಡುವೆ ಇಂಗ್ಲಿಷಿನಲ್ಲಿ ಒಂದು ಸಾಲು: ನಿಮ್ಮ ಟಿವಿ ಎಚ್‌ಡಿಸಿಪಿಗೆ ಹೊಂದುವುದಿಲ್ಲ ಅಂತ. ವಯರ್ ಕಿತ್ತು ಹಾಕಿದರು, ಬಾಯಲ್ಲಿ ಊದಿದರು, ಬಾಕ್ಸ್ ಆಫ್ ಮಾಡಿ ಆನ್ ಮಾಡಿದರು, ಯಾರೋ ಒಬ್ಬ ದೇವರಿಗೆ ತೆಂಗಿನಕಾಯಿನೂ ಹೇಳಿಕೊಂಡ. ಮೊದಲ ನಾಲ್ಕು ಓವರ್ ಹೀಗೇ ಹೋಯಿತು. ಕೊನೆಗೆ ಕೇಬಲ್ ಕೆಲಸ ಮಾಡುವ ಹುಡುಗನೊಬ್ಬ ಹಳದಿ, ಕೆಂಪು, ಬಿಳಿ ತಲೆಯ ಹಳೇ ಎವಿ ವಯರ್ ತಂದು ಚುಚ್ಚಿದ. ಬಂತು! ಚೆಂಡು ಕಾಣುತ್ತಿರಲಿಲ್ಲ, ಆಟಗಾರರ ಮುಖ ಅಕ್ಕಿ ಹಿಟ್ಟು ಎರಚಿದ ಹಾಗಿತ್ತು. ಆದರೂ 6 ರನ್‌ನಿಂದ ಗೆದ್ದಾಗ ನಮ್ಮ ಬೀದಿಯ 18 ವರ್ಷದ ಕಾಯುವಿಕೆ ಆ ಮಸುಕು ಬೆಡ್‌ಶೀಟಿನ ಮೇಲೇ ಮುಗಿಯಿತು.

ಹಳದಿ ವಯರಿನಲ್ಲಿ ಬಂದಿದ್ದು, ಎಚ್‌ಡಿಎಂಐನಲ್ಲಿ ಯಾಕೆ ಬರಲಿಲ್ಲ? ಆಗ ಯಾರಿಗೂ ಗೊತ್ತಾಗಲಿಲ್ಲ. ಈಗ ಗೊತ್ತು. ಹಳದಿ ವಯರ್ ಹಳೇ ಅನಲಾಗ್ ದಾರಿ, ಅಲ್ಲಿ ಈ ಬೀಗ ಇಲ್ಲ. ಎಚ್‌ಡಿಎಂಐ ದಾರಿಯಲ್ಲಿ ಮಾತ್ರ ಬಾಕ್ಸು ಆ ಕಡೆ ಇರುವ ಯಂತ್ರವನ್ನು ಮೊದಲು ವಿಚಾರಿಸುತ್ತದೆ. ಸಂಬಂಧ ಕುದುರಿಸುವ ಮುಂಚೆ ಗೋತ್ರ ಕೇಳುತ್ತಾರಲ್ಲ, ಹಾಗೆ. ನೀನು ಯಾರು, ಕೀಲಿ ತೋರಿಸು, ಲೈಸನ್ಸ್ ಇದೆಯಾ. ಟಿವಿ ಸರಿಯಾದ ಉತ್ತರ ಕೊಟ್ಟರೆ ಚಿತ್ರ ಬಿಡುತ್ತದೆ. ಇಲ್ಲದಿದ್ದರೆ ಕಪ್ಪು ಪರದೆ, ಇಲ್ಲ ಬಣ್ಣಬಣ್ಣದ ಚುಕ್ಕಿ. ಹೊಸ ಆವೃತ್ತಿಯಲ್ಲಂತೂ ಒಂದು ಪರೀಕ್ಷೆಗೆ ಉತ್ತರ 20 ಮಿಲಿಸೆಕೆಂಡಿನೊಳಗೆ ಬರಬೇಕು, ತಡವಾದರೆ ನೀನು ದೂರದಲ್ಲೆಲ್ಲೋ ಕೂತು ಕದಿಯುತ್ತಿದ್ದೀಯ ಅಂತ ಅರ್ಥವಂತೆ.

ಈಗ ನನ್ನ ಟಿವಿಗೆ ಬರುತ್ತೇನೆ.

ಮನೆಯಲ್ಲಿ 2011ರಲ್ಲಿ ಕೊಂಡ ಒಂದು ಹೋಮ್ ಥಿಯೇಟರ್ ರಿಸೀವರ್ ಇದೆ, ಚಿತ್ರವನ್ನು ಟಿವಿಗೆ ದಾಟಿಸಿ ಸೌಂಡನ್ನು ಸ್ಪೀಕರುಗಳಿಗೆ ಕೊಡುವ ಡಬ್ಬಿ. ಐದು ಸ್ಪೀಕರು, ಮೇಜಿನ ಕೆಳಗೆ ಅಡಗಿಸಿಟ್ಟ ಒಂದು ಸಬ್‌ವೂಫರು. ಆಗಿನ ಕಾಲಕ್ಕೆ ಎರಡು ತಿಂಗಳ ಸಂಬಳ. ಈಗಲೂ ಅದರ ಸೌಂಡಿಗೆ ಸಾಟಿ ಇಲ್ಲ, ಮಾರುವ ಮಾತೇ ಇಲ್ಲ. ಹಾಗಾಗಿ ಮಗಳು ಕೊಂಡಿದ್ದ 4ಕೆ ಸ್ಟಿಕ್ಕನ್ನು (ಇಂಟರ್ನೆಟ್ ಸಿನಿಮಾವನ್ನು ಎಚ್‌ಡಿಗಿಂತ ಸ್ಪಷ್ಟವಾದ 4ಕೆಯಲ್ಲಿ ಟಿವಿಗೆ ಕೊಡುವ ಪುಟ್ಟ ಕಡ್ಡಿ) ರಿಸೀವರಿಗೆ ಚುಚ್ಚಿ, ರಿಸೀವರಿನಿಂದ ಹೊಸ ಟಿವಿಗೆ ವಯರ್ ಕೊಟ್ಟೆವು. ಹಳೇ ಟಿವಿಗೂ ಹೀಗೇ ಇತ್ತು. ಚಿತ್ರ ಬಂತು, ಸೌಂಡ್ ಬಂತು, ಅಮ್ಮ ಬಂದು ನೋಡಿ "ದೊಡ್ಡದಾಗಿದೆ ಕಣೋ" ಅಂದು ಹೋದರು. ಕಪ್ಪು ಪರದೆ ಬಂದಿದ್ದರೆ ಅವತ್ತೇ ಅಂಗಡಿಯವನ ಜೊತೆ ಜಗಳ ಆಡಿ ಬರುತ್ತಿದ್ದೆ. ಹಾಗೇನೂ ಆಗಲಿಲ್ಲ, ಅದೇ ತೊಂದರೆ ಆಗಿದ್ದು.

ಹತ್ತು ದಿನ ಆದ ಮೇಲೆ ಮಗಳೇ ಹೇಳಿದಳು, "ಅಪ್ಪಾ, ಟಿವಿ ಒಳಗೇ ಇರೋ ಆಪ್‌ನಲ್ಲಿ ಹಾಕಿದರೆ ಇದೇ ಸೀರೀಸ್‌ಗೆ 4ಕೆ ಅಂತ ಬರುತ್ತೆ, ಸ್ಟಿಕ್‌ನಲ್ಲಿ ಬರೀ ಎಚ್‌ಡಿ ಅಂತ ಬರುತ್ತೆ, ನೋಡು." ನೋಡಿದೆ. ನಿಜ. 4ಕೆಗಾಗಿಯೇ ತಿಂಗಳಿಗೆ 649 ರೂಪಾಯಿಯ ಪ್ಲಾನು ಹಾಕಿಸಿದ್ದೆವು, ಹತ್ತು ದಿನದಿಂದ ಹಳೇ ಟಿವಿಯಲ್ಲಿ ನೋಡುತ್ತಿದ್ದದ್ದನ್ನೇ ದೊಡ್ಡ ಗಾಜಿನಲ್ಲಿ ನೋಡಿಕೊಂಡು ಖುಷಿಪಟ್ಟಿದ್ದೆವು. ಸ್ಟಿಕ್ಕಿನ ಸೆಟ್ಟಿಂಗ್ಸಿಗೆ ಹೋದರೆ ವಿಡಿಯೋ ರೆಸಲ್ಯೂಷನ್ ಅನ್ನುವ ಕಡೆ 1080ಪಿ, ಅಂದರೆ ಬರೀ ಎಚ್‌ಡಿ, ಅಂತ ಕೂತಿದೆ. 4ಕೆ ಒತ್ತಿದರೆ ಒಪ್ಪುವುದಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ವಯರ್ ಹಳೇದು ಸರ್, 4ಕೆ ವಯರ್ ತಗೊಳ್ಳಿ" ಅಂದರು. ತಂದೆ. ಆಗಲಿಲ್ಲ. "ಇನ್ನೂ ಒಳ್ಳೇದಿದೆ ಸರ್, ಗೋಲ್ಡ್ ಪ್ಲೇಟೆಡ್." ತಂದೆ. ಮೂರನೆಯದು ಆನ್‌ಲೈನ್‌ನಲ್ಲಿ ನಾನೇ ತರಿಸಿದೆ, ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಆಮೇಲೆ ಟಿವಿ ಕಂಪನಿಯ ಟೆಕ್ನಿಷಿಯನ್ ಬಂದರು. ಪಾಪ ಒಳ್ಳೆಯವರು, ಅರ್ಧ ಗಂಟೆ ನೋಡಿ, ಕಾಫಿ ಕುಡಿದು, "ಟಿವಿ ಪಕ್ಕಾ ಇದೆ ಸರ್, ನಿಮ್ಮ ಸ್ಟಿಕ್ ಹೋಗಿದೆ" ಅಂತ ಬರೆದುಕೊಟ್ಟು ಹೋದರು. ಸ್ಟಿಕ್ಕೂ ಹೋಗಿರಲಿಲ್ಲ.

ಕಡೆಗೆ ಬಗೆಹರಿಸಿದ್ದು ಬೆಂಗಳೂರಿನಲ್ಲಿರುವ ಅಕ್ಕನ ಮಗ, ಫೋನಿನಲ್ಲಿ, ಎರಡೇ ನಿಮಿಷದಲ್ಲಿ. "ಮಾವ, ರಿಸೀವರ್ ಯಾವ ಕಾಲದ್ದು?" 2011 ಅಂದೆ. ನಕ್ಕುಬಿಟ್ಟ. "ಸ್ಟಿಕ್ಕನ್ನ ನೇರವಾಗಿ ಟಿವಿಗೆ ಹಾಕಿ ನೋಡಿ." ಹಾಕಿದೆ. 4ಕೆ ಬಂತು.

ವಿಷಯ ಇಷ್ಟೇ. 4ಕೆ ಸಿನಿಮಾ ಕಳಿಸುವವರು ಕೇಳುವುದು ಎಚ್‌ಡಿಸಿಪಿ 2.2 ಅನ್ನುವ ಬೀಗ. ಅದು ಬಂದದ್ದು 2013ರಲ್ಲಿ. ನನ್ನ ರಿಸೀವರ್ ಅದಕ್ಕಿಂತ ಎರಡು ವರ್ಷ ಹಿರಿಯ, ಅದಕ್ಕೆ ಗೊತ್ತಿರುವುದು ಹಳೇ 1.4ರ ಬೀಗ ಮಾತ್ರ. ಗೋತ್ರ ಕೇಳುವುದು ಹುಡುಗಿ ಮನೆಯವರನ್ನಷ್ಟೇ ಅಲ್ಲ, ನಡುವೆ ನಿಂತ ದಲ್ಲಾಳಿಯನ್ನೂ ಕೇಳುತ್ತಾರೆ. ಟಿವಿ ಎಷ್ಟೇ ಹೊಸದಾಗಿರಲಿ, ನಡುವೆ ಇರುವ ಒಂದು ಡಬ್ಬಿ ಹಳೇದಾಗಿದ್ದರೆ ಇಡೀ ಸಾಲು ಹಳೇದಕ್ಕೇ ಇಳಿಯುತ್ತದೆ. ರಿಸೀವರ್ ಇರಬಹುದು, ಸೌಂಡ್‌ಬಾರ್ ಇರಬಹುದು, ಒಂದು ಬಾಕ್ಸಿನಿಂದ ಎರಡು ರೂಮಿಗೆ ಕೊಡುವ ಇನ್ನೂರು ರೂಪಾಯಿಯ ಸ್ಪ್ಲಿಟರ್ ಇರಬಹುದು. ವಯರಿಗೂ ಈ ಬೀಗಕ್ಕೂ ಸಂಬಂಧವೇ ಇಲ್ಲ. ವಯರೇ ಕೆಟ್ಟಿದ್ದರೆ ಅದು ಬೇರೆ ಮಾತು.

ರಿಸೀವರಿನ ಗತಿ ಏನು ಅಂತ ಕೇಳುವವರಿಗೆ: ಮಾರಬೇಡಿ. ಸ್ಟಿಕ್ಕು, ಸೆಟ್‌ಟಾಪ್ ಬಾಕ್ಸು ಎಲ್ಲವನ್ನೂ ನೇರ ಟಿವಿಗೇ ಚುಚ್ಚಿ. ಟಿವಿಯ ಹಿಂದೆ ಎಆರ್‌ಸಿ ಅಂತ ಬರೆದ ಒಂದು ಎಚ್‌ಡಿಎಂಐ ತೂತಿರುತ್ತದೆ, ಅಲ್ಲಿಂದ ರಿಸೀವರಿನ ಎಆರ್‌ಸಿ ತೂತಿಗೆ ವಯರ್ ಕೊಟ್ಟರೆ ಸೌಂಡ್ ಮಾತ್ರ ವಾಪಸ್ ಹೋಗುತ್ತದೆ. ಈ ಸೌಲಭ್ಯ ಶುರುವಾಗಿದ್ದು 2009ರ ಎಚ್‌ಡಿಎಂಐ 1.4ರಲ್ಲಿ, ಹಾಗಾಗಿ ಅದರ ನಂತರದ ಬಹಳಷ್ಟು ರಿಸೀವರುಗಳಲ್ಲಿ ಇದೆ. ಇಲ್ಲದಿದ್ದರೆ ಆಪ್ಟಿಕಲ್ ವಯರ್ ಇದೆ, ಕೆಂಪು ಬೆಳಕು ಬರುತ್ತದಲ್ಲ, ಅದು. ನಮ್ಮ ಮನೆಯಲ್ಲಿ ಈಗ ಹಾಗೇ ನಡೆಯುತ್ತಿದೆ, ಸಬ್‌ವೂಫರಿಗೆ ಕಿಟಕಿ ಗಾಜು ಇನ್ನೂ ನಡುಗುತ್ತದೆ.

ಇದೆಲ್ಲ ಆದ ಮೇಲೆ ಈ ಬೀಗದ ಬೆನ್ನು ಹತ್ತಿ ಸ್ವಲ್ಪ ಓದಿದೆ. ಇದನ್ನು ಮಾಡಿದ್ದು ಇಂಟೆಲ್ ಕಂಪನಿ, 2000ದ ಹೊತ್ತಿಗೆ. ಲೈಸನ್ಸ್ ಕೊಡುವುದು ಅದರದ್ದೇ ಒಂದು ಮರಿ ಕಂಪನಿ. ಹಳೇ ಆವೃತ್ತಿಯಲ್ಲಿ ಪ್ರತಿ ಯಂತ್ರಕ್ಕೂ 40 ಕೀಲಿಗಳ ಒಂದು ಗೊಂಚಲು ಕೊಡುತ್ತಿದ್ದರು. 2001ರಲ್ಲೇ ನೀಲ್ಸ್ ಫರ್ಗ್ಯೂಸನ್ ಅನ್ನುವ ಡಚ್ ತಜ್ಞ ಇದನ್ನು ಮುರಿಯಬಹುದು ಅಂತ ಹೇಳಿದರು. ಹೇಗೆ ಅಂತ ಮಾತ್ರ ಪ್ರಕಟಿಸಲಿಲ್ಲ, ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ಕೇಸ್ ಹಾಕಿಬಿಟ್ಟಾರು ಅನ್ನುವ ಭಯಕ್ಕೆ. 2010ರ ಸೆಪ್ಟೆಂಬರಿನಲ್ಲಿ ಎಲ್ಲ ಗೊಂಚಲುಗಳನ್ನೂ ತಯಾರಿಸಬಲ್ಲ ತಾಯಿ ಕೀಲಿಯೇ ಇಂಟರ್ನೆಟ್‌ಗೆ ಬಂತು, ಅದು ಅಸಲಿ ಅಂತ ಇಂಟೆಲ್ ಒಪ್ಪಿಕೊಂಡಿತು. ಅಂದರೆ ನಾನು ರಿಸೀವರ್ ಕೊಂಡಾಗ ಅದರ ಬೀಗದ ಕೀಲಿ ಬೀದಿಗೆ ಬಿದ್ದು ಒಂದು ವರ್ಷ ಆಗುತ್ತಾ ಬಂದಿತ್ತು! ಕಳ್ಳನಿಗೆ ಕೀಲಿ ಸಿಕ್ಕಿದೆ, ಮನೆ ಯಜಮಾನ ಬಾಗಿಲಲ್ಲಿ ನಿಂತಿದ್ದಾನೆ. ಥಿಯೇಟರಿಗೆ ಬಂದ ಕನ್ನಡ ಸಿನಿಮಾ ಮಾರನೇ ದಿನ ಟೆಲಿಗ್ರಾಂನಲ್ಲಿ ಓಡಾಡುವುದನ್ನು ನೋಡಿದಾಗ, ದುಡ್ಡು ಕೊಟ್ಟು ನೋಡುವವನ ವಯರಿಗೆ ಮಾತ್ರ ಇಷ್ಟು ಕಾವಲು ಯಾಕೆ ಅಂತ ಅನಿಸದೆ ಇರುವುದಿಲ್ಲ. ಇರಲಿ, ಅದು ಬೇರೆ ಪತ್ರಕ್ಕೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಈಗ ಹೆಸರಾಂತ ಕಂಪನಿಗಳ ಹೊಸ 4ಕೆ ಟಿವಿ ಕೊಂಡರೆ ಟಿವಿಯ ಕಡೆಯಿಂದ ಹೆದರಿಕೆ ಕಡಿಮೆ, 2.2 ಇದ್ದೇ ಇರುತ್ತದೆ. ಹಳೇ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಕೂಡ ಸಾಮಾನ್ಯವಾಗಿ ಹೊಸ ಟಿವಿ ಜೊತೆ ಹೊಂದಿಕೊಳ್ಳುತ್ತದೆ. ಪೆಟ್ಟು ಬೀಳುವುದು ನಡುವಿನ ಡಬ್ಬಿಗಳಿಂದ, ಮತ್ತೆ ಸೆಕೆಂಡ್ ಹ್ಯಾಂಡ್ ಟಿವಿಯಿಂದ. 2013, 2014ರ ಮೊದಮೊದಲ 4ಕೆ ಟಿವಿಗಳಲ್ಲಿ ಕೆಲವಕ್ಕೆ 2.2 ಇರಲೇ ಇಲ್ಲ, ಕೆಲವಕ್ಕೆ ಒಂದೇ ತೂತಿನಲ್ಲಿತ್ತು. ಅಂಥ 55 ಇಂಚಿನದು ಈಗ ಹತ್ತು ಹನ್ನೆರಡು ಸಾವಿರಕ್ಕೆ ಸಿಗುತ್ತೆ ಅಂತ ಯಾರಾದರೂ ಆಸೆ ತೋರಿಸಿದರೆ ಸ್ವಲ್ಪ ತಡೆಯಿರಿ. "ಎಚ್‌ಡಿಎಂಐ 2.0 ಇದೆ ಸರ್, ಎಲ್ಲಾ ಬರುತ್ತೆ" ಅನ್ನುತ್ತಾರೆ. ಎಚ್‌ಡಿಎಂಐ ನಂಬರೇ ಬೇರೆ, ಎಚ್‌ಡಿಸಿಪಿ ನಂಬರೇ ಬೇರೆ. ರಸ್ತೆ ಅಗಲ ಮಾಡಿದ ಮಾತ್ರಕ್ಕೆ ಚೆಕ್‌ಪೋಸ್ಟಿನವರು ಬಿಡುತ್ತಾರಾ?

ಇನ್ನೊಂದು ಬೀಗ ಟಿವಿಯ ಹೊಟ್ಟೆಯೊಳಗೇ ಇದೆ, ವಯರಿಗೆ ಸಂಬಂಧವಿಲ್ಲದ್ದು. ನಮ್ಮ ಭಾವಮೈದ ಹೆಸರೇ ಕೇಳಿರದ ಕಂಪನಿಯ 50 ಇಂಚಿನ ಸ್ಮಾರ್ಟ್ ಟಿವಿಯನ್ನು ಬಲು ಅಗ್ಗಕ್ಕೆ ತಂದರು. ಯೂಟ್ಯೂಬ್ ಹಾಕಿದರೆ ಕನ್ನಡಿ ಹಾಗೆ. ದುಡ್ಡು ಕಟ್ಟಿದ ಆಪ್ ಹಾಕಿದರೆ ಬಚ್ಚಲು ಮನೆ ಹಬೆಯಲ್ಲಿ ನಿಂತು ನೋಡಿದ ಹಾಗೆ. ಇಂಟರ್ನೆಟ್ ಸ್ಲೋ ಅಂತ ಪ್ಲಾನ್ ಏರಿಸಿದರು, ಪ್ರಯೋಜನ ಆಗಲಿಲ್ಲ. ಅದಕ್ಕೆ ಕಾರಣ ವೈಡ್‌ವೈನ್ ಅನ್ನುವ ಗೂಗಲ್‌ನ ಕಾಪಿ ತಡೆ. ಆಂಡ್ರಾಯ್ಡ್ ಟಿವಿಗಳಲ್ಲಿ ಅದಕ್ಕೆ ಎಲ್1, ಎಲ್3 ಅಂತ ದರ್ಜೆಗಳಿವೆ. ಎಲ್1 ಅಂದರೆ ಬೀಗ ತೆಗೆಯುವ ಕೆಲಸ ಚಿಪ್ಪಿನೊಳಗಿನ ಭದ್ರ ಜಾಗದಲ್ಲಿ ನಡೆಯುತ್ತದೆ, ಸಿನಿಮಾದವರು ನಂಬಿ ಎಚ್‌ಡಿ, 4ಕೆ ಕಳಿಸುತ್ತಾರೆ. ಎಲ್3 ಅಂದರೆ ಬರೀ ಸಾಫ್ಟ್‌ವೇರ್, ದೊಡ್ಡ ಆಪ್‌ಗಳು ಅಂಥ ಟಿವಿಗೆ ಹೆಚ್ಚಾಗಿ ಎಚ್‌ಡಿಗಿಂತ ಮಸುಕಾದ ಹಳೇ ಎಸ್‌ಡಿ ಚಿತ್ರ ಮಾತ್ರ ಬಿಡುತ್ತವೆ. ಪರದೆಯಲ್ಲಿ 80 ಲಕ್ಷಕ್ಕೂ ಜಾಸ್ತಿ ಚುಕ್ಕಿಗಳಿದ್ದು ಏನು ಬಂತು? ಗೂಗಲ್ ಟಿವಿ ಅಂತ ಅಧಿಕೃತವಾಗಿ ಬರೆದಿರುವುದು ಬೇರೆ, ಸುಮ್ನೆ ಆಂಡ್ರಾಯ್ಡ್ ಸ್ಮಾರ್ಟ್ ಅಂತ ಬರೆದಿರುವುದು ಬೇರೆ. ಭಾವಮೈದ ಕೊನೆಗೆ ಒಂದು ಒಳ್ಳೇ ಸ್ಟಿಕ್ ತಂದು ಚುಚ್ಚಿದರು, ಟಿವಿಯ ಎಚ್‌ಡಿಎಂಐ ತೂತಿಗೆ 2.2 ಇದ್ದಿದ್ದರಿಂದ ಬಚಾವಾದರು. ಅಗ್ಗದ ಟಿವಿ ಅಷ್ಟೇನೂ ಅಗ್ಗ ಆಗಲಿಲ್ಲ ಅನ್ನಿ.

ಅಂಗಡಿಯಲ್ಲಿ ಇದು ಯಾಕೆ ಗೊತ್ತಾಗುವುದಿಲ್ಲ ಅಂದರೆ, ಅಲ್ಲಿ ತೋರಿಸುವುದು ಬೀಗ ಇಲ್ಲದ ಚಿತ್ರ. ನವಿಲು, ಜಲಪಾತ, ಜೇನು ಸುರಿಯುವುದು, ಎಲ್ಲ ಪೆನ್‌ಡ್ರೈವಿನದ್ದು. ಇಲ್ಲ ಯೂಟ್ಯೂಬಿನ 4ಕೆ ವಿಡಿಯೋ. ಅವಕ್ಕೆ ಯಾವ ಗೋತ್ರವೂ ಬೇಡ, ಯಾರ ಮನೆಯಲ್ಲಾದರೂ ಕುಣಿಯುತ್ತವೆ. ನಾವು ಮನೆಯಲ್ಲಿ ನೋಡುವುದೆಲ್ಲ ಬೀಗ ಹಾಕಿದ ಸರಕು. ಮಾವಿನ ಹಣ್ಣು ಕೊಯ್ದು ರುಚಿ ತೋರಿಸಿ, ಬೇರೆ ಬುಟ್ಟಿಯಿಂದ ತೂಕ ಹಾಕಿದ ಹಾಗಾಯಿತಲ್ವಾ ಇದು?

ಅದಕ್ಕೇ ದೀಪಾವಳಿಗೆ ತಂಗಿ ಟಿವಿ ಕೊಳ್ಳಲು ಹೊರಟಾಗ ನಾನೂ ಹೋದೆ, ಒಂದು ಬಟ್ಟೆ ಚೀಲ ಹಿಡಿದುಕೊಂಡು. ಚೀಲದಲ್ಲಿ ಅವಳ ಮನೆಯ ಸೆಟ್‌ಟಾಪ್ ಬಾಕ್ಸು, ಅದರ ಅಡಾಪ್ಟರು, ಸ್ಟಿಕ್ಕು, ಸೌಂಡ್‌ಬಾರು. ಸೌಂಡ್‌ಬಾರ್ ಉದ್ದಕ್ಕೆ ಹೊರಗೆ ಚಾಚಿಕೊಂಡಿತ್ತು, ಕೊಡೆ ಹಿಡಿದ ಹಾಗೆ. ತಂಗಿಗೆ ನಾಚಿಕೆ. "ಅಣ್ಣಾ, ರಿಪೇರಿಗೆ ಬಂದೋರು ಅಂದ್ಕೋತಾರೆ" ಅಂತ ಹಿಂದೆ ಹಿಂದೆ ನಡೆದಳು. ಅಂಗಡಿ ಹುಡುಗ ಮೊದಲು "ಡೆಮೋ ಪೀಸ್‌ಗೆ ಹೊರಗಿನ ಸಾಮಾನು ಹಾಕಂಗಿಲ್ಲ ಸರ್" ಅಂದ. ಹಾಗಾದರೆ ಪಕ್ಕದ ಅಂಗಡಿ ಇದೆಯಲ್ಲ ಅಂದೆ. ಮ್ಯಾನೇಜರ್ ಬಂದು ಒಪ್ಪಿದರು. ಸೆಟ್‌ಟಾಪ್ ಬಾಕ್ಸಿಗೆ ಅಲ್ಲಿ ಡಿಶ್ ಸಿಗ್ನಲ್ ಇರಲಿಲ್ಲ, ಅದೊಂದು ನಾನು ಯೋಚಿಸಿರಲಿಲ್ಲ, ಮೆನು ನೋಡಿ ಸುಮ್ಮನಾದೆ. ಸ್ಟಿಕ್ಕನ್ನು ನನ್ನ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿ, ನಮ್ಮದೇ ಅಕೌಂಟಿನಲ್ಲಿ ದುಡ್ಡು ಕಟ್ಟಿದ ಆಪ್ ತೆರೆದೆವು. ನೆಟ್‌ಫ್ಲಿಕ್ಸ್ ಇರುವವರು ಅದರಲ್ಲಿ ಟೆಸ್ಟ್ ಪ್ಯಾಟರ್ನ್ಸ್ ಅಂತ ಹುಡುಕಿ ಹಾಕಿದರೆ ಎಷ್ಟು ರೆಸಲ್ಯೂಷನ್ ಬರುತ್ತಿದೆ ಅಂತ ಮೂಲೆಯಲ್ಲೇ ಬರೆದು ತೋರಿಸುತ್ತದೆ, ಕಣ್ಣಳತೆ ನಂಬುವ ಕಷ್ಟವಿಲ್ಲ. ಮೊದಲು ನೇರ ಟಿವಿಗೆ ಹಾಕಿದೆವು, ಸರಿಯಾಗಿ ಬಂತು. ಆಮೇಲೆ ಸೌಂಡ್‌ಬಾರ್ ನಡುವೆ ಇಟ್ಟು ಹಾಕಿದೆವು, 1080ಕ್ಕೆ ಇಳಿಯಿತು. ಹುಡುಗ "ಅರೆ!" ಅಂದ. ಇಷ್ಟು ವರ್ಷದಲ್ಲಿ ಯಾರೂ ಹೀಗೆ ಹಾಕಿ ನೋಡಿಲ್ಲವಂತೆ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಅಂಗಡಿಯಿಂದ ಹೊರಡುವಾಗ ಆ ಹುಡುಗ ಎಚ್‌ಡಿಸಿಪಿ ಅಂತ ತನ್ನ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡ.

ಈಗ ಹೇಳಿ, ಇದು ಗ್ರಾಹಕ ಚೀಲ ಹೊತ್ತು ಕಂಡುಹಿಡಿಯಬೇಕಾದ ವಿಷಯವಾ? ಟಿವಿಗೆ ಎಷ್ಟು ಕರೆಂಟ್ ಬೇಕು ಅಂತ ಸ್ಟಾರ್ ಲೇಬಲ್ ಇದೆ, ಸುರಕ್ಷತೆಗೆ ಬಿಐಎಸ್ ಗುರುತಿದೆ, ಡಬ್ಬದ ಮೇಲೆ ಎಂಆರ್‌ಪಿ ಇದೆ, ಯಾವ ದೇಶದಲ್ಲಿ ತಯಾರಾಯಿತು ಅಂತಲೂ ಇದೆ. ಅದರ ಪಕ್ಕದಲ್ಲೇ ಎರಡು ಸಾಲು ಹಾಕಲಿ: ಯಾವ ಎಚ್‌ಡಿಎಂಐ ತೂತಿಗೆ ಎಚ್‌ಡಿಸಿಪಿ ಎಷ್ಟು, ಒಳಗಿನ ವೈಡ್‌ವೈನ್ ಎಲ್1ಆ ಎಲ್3ಆ. ಮಸಿ ಖರ್ಚು ಎಷ್ಟಾದೀತು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೊಳ್ಳುವ ವಸ್ತುವಿನ ಗುಣಮಟ್ಟದ ಬಗ್ಗೆ ತಿಳಿಯುವುದು ಗ್ರಾಹಕರ ಹಕ್ಕು ಅಂತಲೇ ಬರೆದಿದೆ. 4ಕೆ ಅಂತ ದೊಡ್ಡದಾಗಿ ಬರೆದು ಮಾರಿದ ಟಿವಿ ದುಡ್ಡು ಕಟ್ಟಿದ ಆಪ್‌ನಲ್ಲಿ 4ಕೆ ತೋರಿಸುವುದಿಲ್ಲ ಅಂದರೆ ಅದನ್ನು ಹೇಳದೆ ಇರುವುದು ಸರಿಯಾ? ಟಿವಿಯಿಂದಲೇ ಹೀಗೆ ಮೋಸ ಹೋದವರು 1915ಕ್ಕೆ ಫೋನ್ ಮಾಡಿ ದೂರು ಕೊಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ನನ್ನ ವಿಷಯದಲ್ಲಿ ತಪ್ಪು ಟಿವಿಯದ್ದಲ್ಲ, ಹಾಗಾಗಿ ನಾನು ಮಾಡಲಿಲ್ಲ.

ನಿಮ್ಮಲ್ಲೂ ಒಂದು ಕೋರಿಕೆ. ಟಿವಿ ಬಗ್ಗೆ ನೀವು ಹಾಕುವ ಲೇಖನಗಳಲ್ಲಿ ಇಂಚು, ಬೆಲೆ, ಬಣ್ಣ ಬರೆದ ಮೇಲೆ ಈ ಎರಡು ನಂಬರನ್ನೂ ಕೇಳಿ ಬರೆಸಿ. ಪತ್ರಿಕೆಯವರು ಕೇಳಿದರೆ ಕಂಪನಿಯವರು ಹೇಳುತ್ತಾರೆ. ನನ್ನಂಥವನು ಕೇಳಿದರೆ ವಯರ್ ಮಾರುತ್ತಾರೆ.

ಅಂದ ಹಾಗೆ, ಆ ಮೂರು ಎಚ್‌ಡಿಎಂಐ ವಯರು ಶೋಕೇಸಿನ ಕೆಳಗೆ ಹಾಗೇ ಬಿದ್ದಿವೆ, ಒಂದಕ್ಕೆ ಚಿನ್ನದ ಲೇಪ ಬೇರೆ. ನಮ್ಮ ಬೀದಿ ಹುಡುಗರು ಮುಂದಿನ ಐಪಿಎಲ್‌ಗೆ ಬೇಕು ಅಂತ ಈಗಲೇ ಹೇಳಿಟ್ಟಿದ್ದಾರೆ. ಆ ಪ್ರೊಜೆಕ್ಟರಿಗೆ ಅದು ಹಾಕಲು ತೂತಿಲ್ಲ ಅಂತ ಇನ್ನೂ ನೆನಪಾಗಿಲ್ಲ ಅವರಿಗೆ.

ಇತಿ,
ನಿಮ್ಮ ಹಳೇ ಓದುಗ,
ಹಾಸನ